ಗಾಳೆಪ್ಪ ಆರಿಸಿದ ಫಿಯಾಟ್

1984ರ ಫೆಬ್ರುವರಿಯ ಒಂದು ಸಂತೆಯ ದಿನ, ಬೆಳಿಗ್ಗೆ ಆರೂಕಾಲಿಗೆ, ಗಾಳೆಪ್ಪ ಅಮೀನಗಡದ ಕುರಿಸಂತೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಟಗರಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡುತ್ತಿದ್ದ. ರೆಪ್ಪೆಯ ಒಳಬದಿ ಕೆಂಪಗಿದ್ದರೆ ಕುರಿಯ ಮೈಯಲ್ಲಿ ರಕ್ತ ಸರಿಯಾಗಿದೆ. ಬಿಳಿಚಿಕೊಂಡಿದ್ದರೆ ಹೊಟ್ಟೆಯಲ್ಲಿ ಹುಳುವಿದೆ. ಆ ಟಗರಿನ ರೆಪ್ಪೆ ಬಿಳಿಚಿತ್ತು. ಗಾಳೆಪ್ಪ ಎದ್ದು ಧೋತರ ಕೊಡವಿಕೊಂಡ. ಎದುರಿಗೆ ಅವನ ತಂಗಿಯ ಮಗ ಲಕ್ಷ್ಮಪ್ಪ ನಿಂತಿದ್ದ. ಇಳಕಲ್ಲಿನಿಂದ ಮೊದಲ ಬಸ್ಸಿಗೆ ಬಂದಿದ್ದ. ಎರಡು ಹಳೆಯ ಫಿಯಾಟ್ ಕಾರುಗಳು ಮಾರಾಟಕ್ಕಿವೆ, ಒಂದು ಬಾಗಲಕೋಟೆಯಲ್ಲಿ, ಇನ್ನೊಂದು ಬಾದಾಮಿಯಲ್ಲಿ, ಎಂಬ ಸುದ್ದಿ ತಂದಿದ್ದ.

ಗಾಳೆಪ್ಪ ಹುನಗುಂದದವನು. ಕುರುಬರ ದೇವರು ಬೀರಪ್ಪನ ಒಕ್ಕಲು, ಕುರಿ ಕಾಯ್ದ ಮನೆತನ. ಇವನ ಕಾಲಕ್ಕೆ ಕಾಯುವುದಕ್ಕಿಂತ ಸಂತೆಯಲ್ಲಿ ದಲಾಲಿ ಮಾಡುವುದೇ ಹೆಚ್ಚಾಯಿತು. ಆ ಸಂತೆಯ ದಲಾಲಿಗಳು ರೇಟನ್ನು ಬಾಯಿಂದ ಆಡುವುದಿಲ್ಲ. ಹೆಗಲ ಮೇಲಿನ ಟವೆಲನ್ನು ಇಬ್ಬರ ಕೈಗಳ ಮೇಲೆ ಹಾಸುತ್ತಾರೆ. ಅದರ ಕೆಳಗೆ ಒಬ್ಬ ಇನ್ನೊಬ್ಬನ ಬೆರಳು ಹಿಡಿಯುತ್ತಾನೆ, ಒತ್ತುತ್ತಾನೆ, ಬಿಡುತ್ತಾನೆ. ಸುತ್ತ ನಿಂತವರಿಗೆ ಕಾಣುವುದು ಎರಡು ಮುಖಗಳು ಮಾತ್ರ. ಗಾಳೆಪ್ಪನ ಮುಖ ನೋಡಿ ಯಾರೂ ಏನನ್ನೂ ಊಹಿಸಿದ್ದಿಲ್ಲ. ಈ ರೂಢಿ ಮನೆಯವರೆಗೂ ಬಂದಿತ್ತು. ಎಷ್ಟು ರೊಟ್ಟಿ ಬೇಕು ಎಂದರೆ ಬೆರಳು ಎತ್ತಿ ತೋರಿಸುತ್ತಿದ್ದ.

"ಬಾಯಿಲೇ ಹೇಳಿದ್ರ ರೊಟ್ಟಿ ತುಟ್ಟಿ ಆಗ್ತಾವೇನು?" ಎಂದು ಹೆಂಡತಿ ರೇಣವ್ವ ಅನ್ನುತ್ತಿದ್ದಳು. ಅವನು ನಕ್ಕು ಮತ್ತೊಂದು ಬೆರಳು ಎತ್ತುತ್ತಿದ್ದ.

ಅವರಿಗೆ ಮಕ್ಕಳಿರಲಿಲ್ಲ. ತಂಗಿ ಇಂದ್ರವ್ವ ಇಳಕಲ್ಲಿನಲ್ಲಿದ್ದಳು. ಗಂಡ ಕಾಮಾಲೆಯಿಂದ ಸತ್ತಾಗ ಅವಳ ಮಗ ಲಕ್ಷ್ಮಪ್ಪ ಇನ್ನೂ ತೊಟ್ಟಿಲು ಬಿಟ್ಟಿದ್ದನಷ್ಟೇ. ಅವಳು ನೇಕಾರರ ಮನೆಗಳಿಗೆ ನೂಲು ಸುತ್ತಿಕೊಟ್ಟು ಅವನನ್ನು ಬೆಳೆಸಿದಳು. ಹುಡುಗ ಶಾಲೆ ಬಿಟ್ಟು ಕಲ್ಲು ಸಾಗಿಸುವ ಲಾರಿಗೆ ಕ್ಲೀನರ್ ಆದ, ಡ್ರೈವಿಂಗ್ ಕಲಿತ, ಲೈಸೆನ್ಸ್ ಪಡೆದ. ಆದರೆ ಹತ್ತು ಟನ್ ಗ್ರಾನೈಟ್ ಬೆನ್ನಿಗಿಟ್ಟುಕೊಂಡು ಘಟ್ಟ ಇಳಿಯುವ ಲಾರಿಯಲ್ಲಿ ಮಗ ಕೂರುವುದನ್ನು ಇಂದ್ರವ್ವ ಸಹಿಸಲಾರದೆ ಹೋದಳು. ಅಣ್ಣನ ಮನೆಗೆ ಬಂದು ಒಂದೇ ಮಾತು ಹೇಳಿದಳು.

"ಅವಗ ಗಾಡಿ ಬಿಟ್ಟು ಬ್ಯಾರೆ ಏನೂ ತಲಿಯೊಳಗಿಲ್ಲ. ಆತು, ಓಡಿಸ್ಲಿ. ಆದ್ರ ಅವನ್ನ ಹೊತ್ಕೊಂಡು ಹೋಗೂ ಗಾಡಿ ನೀನ ನೋಡಿ ಆರಿಸ್ಬೇಕು ಅಣ್ಣಾ. ನೀ ಆರಿಸಿದ್ದು ಎಂದೂ ಕೆಟ್ಟಿಲ್ಲ."

ಅದು ನಿಜವಾಗಿತ್ತು. ಗಾಳೆಪ್ಪ ಆರಿಸಿಕೊಟ್ಟ ಟಗರು ಸತ್ತಿತೆಂದು ದೂರಿಕೊಂಡು ಬಂದವರಿರಲಿಲ್ಲ. ಅವನು ಗಾಡಿಯ ದುಡ್ಡಿಗಾಗಿ ತನ್ನ ಸ್ವಂತದ ಹಿಂಡನ್ನು ಮಾರಿದ. ಆಗ ಮಾರುತಿ ಎಂಬ ಹೊಸ ಸಣ್ಣ ಕಾರಿನ ಹೆಸರು ಪೇಪರಿನಲ್ಲಿ ಬರುತ್ತಿತ್ತು. ನಮ್ಮ ಕಡೆ ಅದನ್ನು ಕಣ್ಣಾರೆ ಕಂಡವರಿರಲಿಲ್ಲ. ಸಣ್ಣ ಕಾರು ಎಂದರೆ ಹಳೆಯ ಫಿಯಾಟ್. ಇಳಕಲ್ಲು, ಹುನಗುಂದ, ಬಾದಾಮಿಗಳ ನಡುವೆ ಬಾಡಿಗೆಗೆ ಓಡಿಸಲು ಒಬ್ಬ ಹುಡುಗನಿಗೆ ಅದು ಸಾಕು.

ಮುಂದಿನ ಸೋಮವಾರ ಮಾವ-ಅಳಿಯ ಬಾಗಲಕೋಟೆಗೆ ಹೋದರು. ಅಲ್ಲಿನ ಕಾರು ಹುಸೇನಪೀರ ಎಂಬ ಟ್ಯಾಕ್ಸಿ ಮಾಲೀಕನದು. ನಲವತ್ತು ದಾಟಿದ, ಬಾಯಿತುಂಬ ಎಲೆ ಹಾಕಿಕೊಂಡ ಮನುಷ್ಯ. ರಿಪೇರಿಯೂ ತಾನೇ ಮಾಡಿಕೊಳ್ಳುತ್ತಿದ್ದ. ಕಾರಿನ ಬಣ್ಣ ಅಲ್ಲಲ್ಲಿ ಹೋಗಿತ್ತು, ಹಿಂದಿನ ಸೀಟು ಕುಸಿದಿತ್ತು, ಮೀಟರಿನ ಅಂಕಿ ಒಂದು ಸುತ್ತು ಮುಗಿಸಿ ಎರಡನೆಯ ಸುತ್ತಿನ ನಡುವಿನಲ್ಲಿತ್ತು. ಗಾಳೆಪ್ಪ ಬಾನೆಟ್ ಎತ್ತಿಸಿದ. ಎಂಜಿನ್ನಿನ ಎಣ್ಣೆ ನೋಡುವ ಕಡ್ಡಿಯನ್ನು ಲಕ್ಷ್ಮಪ್ಪ ಎಳೆದು ತೋರಿಸಿದ. ಎಣ್ಣೆ ಕಪ್ಪಗಿತ್ತು. ಗಾಳೆಪ್ಪ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿ ಟವೆಲ್ಲಿಗೆ ಒರೆಸಿದ. ಆಮೇಲೆ ಅದೇ ಟವೆಲನ್ನು ಹಾಸಿ ಕೈ ಚಾಚಿದ.

ಹುಸೇನಪೀರ ನಕ್ಕ. "ಟಾವೆಲ್ ತಗಿ ಕಾಕಾ. ಇದು ಕುರಿ ಅಲ್ಲ. ಮುಚ್ಚಿಡೂದು ಏನಿಲ್ಲ, ಎಲ್ಲಾ ಬಾಯಿಲೇ ಹೇಳ್ತೇನಿ."

ಹೇಳಿದ ಕೂಡ. ಎಂಜಿನ್ ಒಮ್ಮೆ ಬಿಚ್ಚಿ ಬೋರ್ ಮಾಡಿಸಿದ್ದೇನೆ. ಮುಂದಿನ ಚಕ್ರದ ಕಿಂಗ್‌ಪಿನ್ ಹೋದ ವರ್ಷ ಬದಲಾಯಿಸಿದ್ದು. ಬ್ರೇಕಿನ ರಬ್ಬರುಗಳನ್ನು ದೀಪಾವಳಿಗೆ ಹಾಕಿದ್ದೇನೆ, ಅವು ಪ್ರತಿ ಎರಡು ವರ್ಷಕ್ಕೊಮ್ಮೆ ಬೇಕೇಬೇಕು. ಎರಡನೆಯ ಗೇರು ಸ್ವಲ್ಪ ಕಿರುಗುಡುತ್ತದೆ. ಮಳೆ ಬಂದರೆ ಎಡಗಾಲಿನ ಬಳಿ ನೀರು ಬರುತ್ತದೆ. ಲಕ್ಷ್ಮಪ್ಪ ಕಾರನ್ನು ನವನಗರ ಬಡಾವಣೆ ಇನ್ನೂ ಹುಟ್ಟಿರದ ಆ ಕಾಲದ ಬಾಗಲಕೋಟೆಯ ಇಕ್ಕಟ್ಟು ಓಣಿಗಳಲ್ಲಿ ಒಂದು ಸುತ್ತು ಓಡಿಸಿ ಬಂದ. ಇಳಿಯುವಾಗ ಅವನ ಮುಖದಲ್ಲಿ ಬೆಳಕಿತ್ತು.

"ಮಾಮಾ, ಇದು ಕಾಲಿನ ಮಾತು ಕೇಳತೈತಿ," ಎಂದ ಮೆಲ್ಲಗೆ.

ಗಾಳೆಪ್ಪ ಬಾನೆಟ್ ಮುಚ್ಚಿದ. ಯೋಚನೆ ಮಾಡಿ ಹೇಳುತ್ತೇವೆ ಎಂದು ಹುಸೇನಪೀರನಿಗೆ ಕೈ ಮುಗಿದು ಬಸ್‌ಸ್ಟ್ಯಾಂಡಿಗೆ ನಡೆದ. ಬಾದಾಮಿಯ ಬಸ್ಸಿನಲ್ಲಿ ಕೂತ ಮೇಲೆ ಅಳಿಯನಿಗೆ ತನ್ನ ಲೆಕ್ಕ ಬಿಡಿಸಿ ಹೇಳಿದ. ಮೂವತ್ತು ವರ್ಷದ ಸಂತೆಯಲ್ಲಿ, ಮಾಲಿನ ದೋಷವನ್ನು ತಾನಾಗಿ ಹೇಳಿ ಮಾರಿದವರನ್ನು ಅವನು ನೋಡಿದ್ದ. ಕುಂಟುವ ಕಾಲನ್ನು ತೋರಿಸಿದರೆ ಕೊಳ್ಳುವವನು ಕಾಲನ್ನೇ ನೋಡುತ್ತಾನೆ, ರೆಪ್ಪೆ ಬಿಡಿಸುವುದನ್ನು ಮರೆಯುತ್ತಾನೆ. ಇಷ್ಟೊಂದು ದೋಷ ಹೇಳಿದವನು ಯಾವುದೋ ದೊಡ್ಡದನ್ನು ಮುಚ್ಚಿಟ್ಟಿದ್ದಾನೆ. ಅಲ್ಲದೆ ಅದರ ಎಣ್ಣೆ ಕಪ್ಪು. ತಿರುಗಿ ತಿರುಗಿ ದಣಿದ ಜೀವ ಅದು. ಲಕ್ಷ್ಮಪ್ಪ ಕಿಟಕಿಯ ಹೊರಗೆ ನೋಡುತ್ತ ಹ್ಞೂಂ ಅಂದ.

ಬಾದಾಮಿಯ ಕಾರು ಸಾವಂತ್ರವ್ವ ಎಂಬ ವಿಧವೆಯದು. ಅವಳ ಗಂಡ ರಸ್ತೆ ಕಂಟ್ರಾಕ್ಟರ್ ಆಗಿದ್ದವನು, 1973ರಲ್ಲಿ ತೀರಿಕೊಂಡಿದ್ದ. ಸಾಯುವ ಮುಂಚಿನ ವಾರವಷ್ಟೇ ಕಾರಿನ ಎಣ್ಣೆ ಬದಲಾಯಿಸಿ ತಂದು ಶೆಡ್ಡಿನಲ್ಲಿ ನಿಲ್ಲಿಸಿದ್ದನಂತೆ. ಅಂದಿನಿಂದ ಅದು ಓಡಿರಲಿಲ್ಲ. ಸಾವಂತ್ರವ್ವ ಅದರ ಮೇಲೆ ಗಂಡನ ಹಳೆಯ ಕಂಬಳಿ ಹೊದಿಸಿದ್ದಳು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಆಳುಗಳಿಂದ ಅಂಗಳಕ್ಕೆ ತಳ್ಳಿಸಿ, ತೊಳೆಸಿ, ಕುಂಕುಮ ಹಚ್ಚಿ, ಚೆಂಡುಹೂವಿನ ಸರ ಹಾಕಿ, ಸಂಜೆಗೆ ಮತ್ತೆ ಒಳಗೆ ತಳ್ಳಿಸುತ್ತಿದ್ದಳು. ಈಗ ತವರಿನವರು ಅವಳನ್ನು ಧಾರವಾಡಕ್ಕೆ ಕರೆಯುತ್ತಿದ್ದರು. ಮನೆ ಬಾಡಿಗೆಗೆ ಹೋಗುವುದಿತ್ತು. ಕಾರನ್ನು ಕೊಡಲೇಬೇಕಾಗಿತ್ತು.

ಕಂಬಳಿ ಸರಿಸಿದಾಗ ಒಳಗಿದ್ದದ್ದು ಹಾಲುಬಿಳಿ ಬಣ್ಣದ, ಒಂದು ಗೀರೂ ಇಲ್ಲದ ಫಿಯಾಟ್. ಸೀಟಿನ ಮೇಲೆ ಕಂಪನಿಯವರು ಹಾಕಿದ ಪ್ಲಾಸ್ಟಿಕ್ ಹೊದಿಕೆ ಇನ್ನೂ ಇತ್ತು. ಗಾಳೆಪ್ಪ ಎಣ್ಣೆಯ ಕಡ್ಡಿ ಎಳೆಸಿದ. ಎಣ್ಣೆ ಜೇನಿನ ಹಾಗೆ ತಿಳಿಯಾಗಿತ್ತು. ಎಂಜಿನ್ ತಿರುಗಿದಾಗ ಮಾತ್ರ ಎಣ್ಣೆಗೆ ಮಸಿ ಸೇರುತ್ತದೆ. ನಿಂತ ಕಾರಿನಲ್ಲಿ ಅದು ಕಪ್ಪಾಗಲು ಕಾರಣವೇ ಇರುವುದಿಲ್ಲ. ಗಾಳೆಪ್ಪನಿಗೆ ಅದು ಕೆಂಪು ರೆಪ್ಪೆಯಂತೆ ಕಂಡಿತು. ಲಕ್ಷ್ಮಪ್ಪ ಒಳಗೆ ಬಗ್ಗಿ ಮೀಟರಿನ ಅಂಕಿಯನ್ನು ಓದಿದ. ಇಪ್ಪತ್ತು ಸಾವಿರ ಕಿಲೋಮೀಟರ್ ಕೂಡ ಆಗಿರಲಿಲ್ಲ. ಕೇಳಿದ ಗಾಳೆಪ್ಪ ಅದನ್ನು ತಾನೂ ಒಮ್ಮೆ ಗಟ್ಟಿಯಾಗಿ ಅಂದ.

ಹೆಣ್ಣುಮಗಳ ಕೈಯನ್ನು ಟವೆಲ್ಲಿನ ಕೆಳಗೆ ಹಿಡಿಯುವಂತಿರಲಿಲ್ಲ. ಚೌಕಾಸಿ ಮಾಡುವ ಬೇರೆ ದಾರಿ ಅವನಿಗೆ ಗೊತ್ತಿರಲಿಲ್ಲ. ಅವಳು ಹೇಳಿದ ಬೆಲೆಗೇ ಒಪ್ಪಿಕೊಂಡ. ಸಾವಂತ್ರವ್ವ ಕೀಲಿಯನ್ನು ಬೆಳ್ಳಿಯ ಉಂಗುರದಿಂದ ಬಿಡಿಸಿ, ಉಂಗುರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬರಿಯ ಕೀಲಿಯನ್ನು ಕೊಟ್ಟಳು. ಎತ್ತು ಮಾರಿದವರು ಹಗ್ಗ ಉಳಿಸಿಕೊಳ್ಳುವ ಹಾಗೆ. ಆಮೇಲೆ ಬಾನೆಟ್ಟಿನ ಮೇಲೆ ಕೈಯಿಟ್ಟು ಅತ್ತಳು.

"ನಮ್ಮ ಯಜಮಾನ್ರು ಇದನ್ನ ಒದರಿಸಿ ಓಡಿಸಿದವ್ರಲ್ಲ. ಸಣ್ಣ ಹುಡುಗ ಅದಾನ, ಸಾವಕಾಶ ಓಡಿಸು ಅಂತ ಹೇಳಪಾ," ಎಂದಳು ಗಾಳೆಪ್ಪನಿಗೆ.

ಅವಳ ಅಳು ಅವನಲ್ಲಿ ಉಳಿದಿದ್ದ ಅನುಮಾನವನ್ನೂ ತೆಗೆದುಹಾಕಿತು. ಮನೆಯ ಹೆಣ್ಣುಮಗಳು ಅತ್ತು ಕೊಟ್ಟ ಕುರಿಯನ್ನು ಅವನು ಯಾವತ್ತೂ ಎರಡನೆಯ ಸಲ ಪರೀಕ್ಷಿಸುತ್ತಿರಲಿಲ್ಲ. ಹಾಗೆ ಕೊಂಡ ಕುರಿಗಳಲ್ಲಿ ಅವನು ಒಮ್ಮೆಯೂ ಮೋಸಹೋಗಿರಲಿಲ್ಲ.

ಕಾರನ್ನು ಅಲ್ಲಿಯೇ ಒಬ್ಬ ಮೆಕ್ಯಾನಿಕ್ಕನ ಕೈಗೆ ಕೊಟ್ಟರು. ಅವನು ಬ್ಯಾಟರಿ ಹಾಕಿದ, ಟ್ಯಾಂಕು ತೊಳೆದ, ಕಾರ್ಬುರೇಟರ್ ಬಿಚ್ಚಿ ಕೂಡಿಸಿದ, ಬಿರುಕುಬಿಟ್ಟ ಟೈರುಗಳನ್ನು ತೆಗೆದು ಹೊಸವನ್ನು ಹಾಕಿದ. ಬ್ರೇಕಿನ ಪೆಡಲ್ ಮೊದಲು ಕಲ್ಲಿನ ಹಾಗಿತ್ತು. ಬ್ರೇಕ್ ಆಯಿಲ್ ಹಾಕಿ, ನಾಲ್ಕಾರು ಸಲ ತುಳಿದು, ಗಾಳಿ ತೆಗೆದ ಮೇಲೆ ಸರಿಯಾಗಿ ಹಿಡಿಯತೊಡಗಿತು. ಚಕ್ರಗಳ ಡ್ರಮ್ ಬಿಚ್ಚಿ ಒಳಗೊಮ್ಮೆ ನೋಡಲೇ ಎಂದು ಕೇಳಿದ. ಕಂಪನಿಯವರು ಕೂಡಿಸಿದ ಮೇಲೆ ಅದನ್ನು ಯಾರೂ ಬಿಚ್ಚಿರಲಿಲ್ಲ ಎಂಬುದು ಮೆಕ್ಯಾನಿಕ್ಕನ ಮಾತಿನಿಂದಲೇ ತಿಳಿದಿತ್ತು. ಗಾಳೆಪ್ಪನಿಗೆ ಅದೇ ದೊಡ್ಡ ಭರವಸೆಯಾಗಿತ್ತು.

"ಬ್ಯಾಡ ತಮ್ಮಾ," ಎಂದ. "ಯಾರೂ ಮುಟ್ಟದ್ದನ್ನ ನೀ ಯಾಕ ಮುಟ್ಟತಿ?"

ಲಕ್ಷ್ಮಪ್ಪ ಡ್ರಮ್ ಬಿಚ್ಚಲೆಂದು ಎತ್ತಿಕೊಂಡಿದ್ದ ಪಾನವನ್ನು ಕೆಳಗಿಟ್ಟ. ಹಿಂಡು ಮಾರಿದವನು ಮಾವ.

ಇಲ್ಲಿ ಸ್ವಲ್ಪ ವಿವರಿಸಿ ಹೇಳಬೇಕು. ಕಾರಿನ ಬ್ರೇಕಿನಲ್ಲಿ ಕಾಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಒಂದು ದ್ರವ. ಆ ದ್ರವ ಸೋರದಂತೆ ತಡೆಯುವುದು ಬೆರಳ ತುದಿಯಷ್ಟು ದೊಡ್ಡ ರಬ್ಬರಿನ ಬಟ್ಟಲುಗಳು. ಓಡುವ ಕಾರಿನಲ್ಲಿ ಅವು ದಿನವೂ ಹಿಂದೆ ಮುಂದೆ ಜಾರುತ್ತ ಮೆತ್ತಗಿರುತ್ತವೆ, ಸವೆದಾಗ ಬದಲಾಗುತ್ತವೆ. ನಿಂತ ಕಾರಿನಲ್ಲಿ ಒಂದೇ ಜಾಗಕ್ಕೆ ಅಂಟಿಕೊಂಡು ಗಡುಸಾಗುತ್ತವೆ. ದ್ರವವು ಗಾಳಿಯಿಂದ ತೇವ ಹೀರಿಕೊಳ್ಳುತ್ತದೆ, ಆ ತೇವದಿಂದ ಒಳಗಿನ ಲೋಹಕ್ಕೆ ತುಕ್ಕು ಹಿಡಿಯುತ್ತದೆ. ಮತ್ತೆ ಕಾರು ಓಡತೊಡಗಿದಾಗ ಗಡುಸಾದ ರಬ್ಬರು ತುಕ್ಕಿನ ಮೇಲೆ ಉಜ್ಜುತ್ತದೆ. ಕೆಲವು ತಿಂಗಳು ತಡೆಯುತ್ತದೆ. ಇದು ಕಾರು ತಯಾರಿಸಿದವರ ದೋಷವಲ್ಲ. ಯಾವ ಕಾರನ್ನು ಅಷ್ಟು ವರ್ಷ ನಿಲ್ಲಿಸಿದರೂ ಹೀಗೆಯೇ ಆಗುತ್ತದೆ. ಕುರಿಗೆ ವಿಶ್ರಾಂತಿ ಕೊಟ್ಟರೆ ಮೈ ತುಂಬಿಕೊಳ್ಳುತ್ತದೆ. ಗಾಳೆಪ್ಪ ಬಲ್ಲ ವಸ್ತುಗಳಲ್ಲಿ ನಿಂತಲ್ಲೇ ಕೆಡುವಂಥದ್ದು ಇರಲಿಲ್ಲ.

ಮಾರ್ಚಿನಿಂದ ಜುಲೈವರೆಗೆ ಬಿಳಿ ಫಿಯಾಟ್ ಚೆನ್ನಾಗಿ ಓಡಿತು. ಸೀರೆ ವ್ಯಾಪಾರಿಗಳು ಲಕ್ಷ್ಮಪ್ಪನನ್ನೇ ಕರೆಯುತ್ತಿದ್ದರು. ಪಟ್ಟದಕಲ್ಲಿಗೆ, ಶಿವಯೋಗ ಮಂದಿರಕ್ಕೆ ಹೋಗುವವರೂ ಕರೆಯುತ್ತಿದ್ದರು. ಹುಡುಗ ಸಾವಕಾಶವಾಗಿ ಓಡಿಸುತ್ತಾನೆಂಬ ಹೆಸರು ಬಂತು. ಗಾಳೆಪ್ಪ ಸಂತೆಯಲ್ಲಿರುವಾಗ ಅಮೀನಗಡದ ರಸ್ತೆಯಲ್ಲಿ ಆ ಹಾರ್ನ್ ಕೇಳಿದರೆ ಟವೆಲ್ಲಿನ ಕೆಳಗಿನ ಬೆರಳು ಒಂದು ಕ್ಷಣ ಸಡಿಲವಾಗುತ್ತಿತ್ತು. ಎದುರಿನ ದಲಾಲಿಗಳು ಅದನ್ನು ಗುರುತಿಸಿ, "ಅಳಿಯಾನ ಮೋಟಾರ ಬಂತು, ಈಗ ಹಿಡೀರ್ಲೇ ರೇಟು," ಎಂದು ಚೇಷ್ಟೆ ಮಾಡುತ್ತಿದ್ದರು.

ನಾಗರಪಂಚಮಿಗೆ ಅಣ್ಣ ತಂಗಿಯನ್ನು ತವರಿಗೆ ಕರೆತರುವುದು ನಮ್ಮ ಕಡೆಯ ರೂಢಿ. ಪ್ರತಿವರ್ಷ ಗಾಳೆಪ್ಪ ಬಸ್ಸಿನಲ್ಲಿ ಇಳಕಲ್ಲಿಗೆ ಹೋಗಿ ಇಂದ್ರವ್ವನನ್ನು ಕರೆತರುತ್ತಿದ್ದ. ಆ ವರ್ಷ ಅಣ್ಣ ತಂಗಿ ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತು ಹುನಗುಂದಕ್ಕೆ ಬಂದರು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು. ರೇಣವ್ವ ಉಂಡಿ ಕಟ್ಟಿದ್ದಳು. ಬೇವಿನ ಮರಕ್ಕೆ ಜೋಕಾಲಿ ಹಾಕಿದ್ದರು. ಇಂದ್ರವ್ವ ಆ ವಯಸ್ಸಿನಲ್ಲೂ ಜೋಕಾಲಿಯಲ್ಲಿ ಕೂತು ನಕ್ಕಳು. ಮಗ ಇರುವ ಲಾರಿ ಬಂತೋ ಇಲ್ಲವೋ ಎಂದು ರಸ್ತೆ ನೋಡುವ ಕೆಲಸ ಅವಳಿಗೆ ತಪ್ಪಿತ್ತು.

ಹಬ್ಬದ ಮಾರನೆಯ ದಿನ ಲಕ್ಷ್ಮಪ್ಪ ಒಂದು ಕುಟುಂಬವನ್ನು ಬಾದಾಮಿಗೆ ಬಿಟ್ಟು ಒಬ್ಬನೇ ಮರಳುತ್ತಿದ್ದ. ಗುಳೇದಗುಡ್ಡದ ಗುಡ್ಡಸಾಲಿನಲ್ಲಿ ರಸ್ತೆ ಒಂದೆಡೆ ಇಳಿದು ಬಲಕ್ಕೆ ತಿರುಗುತ್ತದೆ. ತಿರುವಿನಾಚೆ ಒಂದು ಹಿಂಡು ರಸ್ತೆ ದಾಟುತ್ತಿತ್ತು. ನೂರಕ್ಕೂ ಹೆಚ್ಚು ಕುರಿಗಳು, ಹಿಂದೊಬ್ಬ ಮುದುಕ. ಲಕ್ಷ್ಮಪ್ಪ ಬ್ರೇಕ್ ತುಳಿದ. ಪೆಡಲ್ ಏನೂ ಹಿಡಿಯದೆ ನೆಲ ಮುಟ್ಟಿತು. ಮತ್ತೆ ತುಳಿದ. ಹ್ಯಾಂಡ್ ಬ್ರೇಕಿನ ತಂತಿ ಎಂದೋ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಬೇರೆ ಡ್ರೈವರ್ ಆಗಿದ್ದರೆ ಹಿಂಡಿನೊಳಗೇ ನುಗ್ಗುತ್ತಿದ್ದನೇನೋ, ಅಷ್ಟು ಮೈಗಳಿಗೆ ಬಡಿದು ಕಾರು ನಿಲ್ಲುತ್ತಿತ್ತು. ಲಕ್ಷ್ಮಪ್ಪ ಮಾವನ ಊರಿಗೆ ಬಂದಾಗೆಲ್ಲ ಬೀರಪ್ಪನ ಗುಡಿಯಲ್ಲಿ ಕುರಿಮರಿಗಳೊಂದಿಗೆ ಮಲಗಿ ಬೆಳೆದವನು. ಅವನು ಸ್ಟೇರಿಂಗನ್ನು ಬಲಕ್ಕೆ, ಬಂಡೆಯ ಕಡೆಗೆ ಎಳೆದ.

ಒಂದು ಕುರಿಯೂ ಸಾಯಲಿಲ್ಲ. ಕಾರಿನ ಬಲಗಡೆ ಪೂರಾ ಒಳಗೆ ಬಂದಿತ್ತು. ಮುದುಕ ಹಿಂಡು ಬಿಟ್ಟು ರಸ್ತೆಗೆ ಅಡ್ಡ ನಿಂತು ಒಂದು ಬಸ್ಸನ್ನು ತಡೆದ. ಬಾಗಲಕೋಟೆಯ ದವಾಖಾನೆಯಲ್ಲಿ ಲಕ್ಷ್ಮಪ್ಪನ ಬಲಗಾಲನ್ನು ಮೊಣಕಾಲಿನ ಮೇಲೆ ಕತ್ತರಿಸಿ ತೆಗೆದರು.

ಸುದ್ದಿ ಬಂದಾಗ ಇಂದ್ರವ್ವ ಇನ್ನೂ ಅಣ್ಣನ ಮನೆಯಲ್ಲೇ ಇದ್ದಳು. ಮಾರನೆಯ ದಿನ ಬಸ್ಸಿಗೆ ಹೊರಡಲೆಂದು ಉಂಡಿಯ ಡಬ್ಬಿ ಕಟ್ಟಿಡುತ್ತಿದ್ದಳು. ಅವಳು ಅಣ್ಣನ ಮುಖ ನೋಡಿದಳು. ಆಗ ಆ ಮುಖದಲ್ಲಿ ಎಲ್ಲವೂ ಕಾಣುತ್ತಿತ್ತು ಎಂದು ರೇಣವ್ವ ಆಮೇಲೆ ಹೇಳಿದಳು.

ಕಾರನ್ನು ಎಳೆದೊಯ್ಯಲು ಬಂದವನು ಹುಸೇನಪೀರ. ಆ ದಾರಿಯಲ್ಲಿ ಬಿದ್ದ ಗಾಡಿಗಳನ್ನು ಅವನೇ ಎತ್ತುತ್ತಿದ್ದ. ಎರಡು ವಾರದ ನಂತರ ಅವನು ದವಾಖಾನೆಗೆ ಬಂದ. ಗಾಳೆಪ್ಪ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಹುಸೇನಪೀರ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಬಿಡಿಸಿದ. ಒಳಗೆ ಅಂಚು ಹರಿದ, ಒಣಗಿದ ಒಂದು ರಬ್ಬರಿನ ಬಟ್ಟಲು. ಗಾಳೆಪ್ಪ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದ. ಅದು ಬಾಗದೆ ಮುರಿಯಿತು.

"ಇದು ಮೊದಲಿಂದ ಕೆಟ್ಟಿತ್ತೇನು?" ಎಂದು ಕೇಳಿದ.

"ಇಲ್ಲ ಕಾಕಾ. ನಿಂತು ನಿಂತು ಕೆಟ್ಟೈತಿ. ಓಡಿದ್ರ ಇಷ್ಟೊತ್ತಿಗೆ ನಾಕೈದು ಸಲ ಬದಲಾಗಿರತಿತ್ತು."

"ನಿನ್ನ ಗಾಡಿ?"

"ಇಳಕಲ್ಲಿನವ್ರೊಬ್ರು ಒಯ್ದಾರ. ಓಡಾಕತ್ತೈತಿ." ಹುಸೇನಪೀರ ಖಾಲಿ ಕಾಗದವನ್ನು ಮಡಚುತ್ತ ಅಂದ, "ನೀ ನನ್ನ ಮಾತು ನಂಬಲಿಲ್ಲ ಅಂತ ಅವತ್ತ ಗೊತ್ತಾತು. ನಾನೂ ಒತ್ತಿ ಹೇಳಲಿಲ್ಲ. ಮಾರಾಂವ ಎಷ್ಟಂತ ಹೇಳ್ಬೇಕು?"

ಗಾಳೆಪ್ಪ ಮುರಿದ ಎರಡು ತುಂಡುಗಳನ್ನು ಟವೆಲ್ಲಿನ ಮೂಲೆಗೆ ಗಂಟು ಹಾಕಿಕೊಂಡ.

ಹುಸೇನಪೀರನೇ ಆ ಬಿಳಿ ಫಿಯಾಟನ್ನು ಕೊಂಡುಕೊಂಡು, ತಗಡು ತಟ್ಟಿ, ಬ್ರೇಕಿನ ರಬ್ಬರುಗಳನ್ನೆಲ್ಲ ಬದಲಾಯಿಸಿ ರಸ್ತೆಗೆ ಬಿಟ್ಟ. ಅದರ ಎಂಜಿನ್ ನಿಜವಾಗಿಯೂ ಹೊಸದರಂತಿತ್ತು. ಎಷ್ಟೋ ವರ್ಷ ಇಳಕಲ್ಲು ಹುನಗುಂದದ ನಡುವೆಯೇ ಓಡಿತು. ಲಕ್ಷ್ಮಪ್ಪ ಮನೆಯ ಪಡಸಾಲೆಯಲ್ಲಿ ರಾಟಿಯ ಮುಂದೆ ಕೂತು ನೇಕಾರರಿಗೆ ನೂಲು ಸುತ್ತುತ್ತಿದ್ದ. ಅವನ ತಾಯಿ ಅವನನ್ನು ಬೆಳೆಸಲು ಮಾಡಿದ್ದ ಅದೇ ಕೆಲಸ. ಮಗ್ಗದ ಕುಣಿಯಲ್ಲಿ ಕೂರಲು ಎರಡು ಕಾಲು ಬೇಕು, ರಾಟಿಗೆ ಕೈ ಸಾಕು. ರಸ್ತೆಯಲ್ಲಿ ಆ ಹಾರ್ನ್ ಕೇಳಿದಾಗ ರಾಟಿ ನಿಲ್ಲುತ್ತಿರಲಿಲ್ಲ. ಮಾವ ಬಂದರೆ ಕೂರಲು ಚಾಪೆ ತೋರಿಸುತ್ತಿದ್ದ. ಅಂದು ಬಾಗಲಕೋಟೆಯಲ್ಲಿ ಓಡಿಸಿ ನೋಡಿದ ಹುಸೇನಪೀರನ ಹಳೆಯ ಕಾರಿನ ಬ್ರೇಕು ತನ್ನ ಕಾಲಿಗೆ ಹೇಗೆ ಹಿತವಾಗಿತ್ತೆಂಬುದನ್ನು ಒಮ್ಮೆಯೂ ಎತ್ತಲಿಲ್ಲ.

ಗಾಳೆಪ್ಪ ಸಂತೆಗೆ ಹೋಗುವುದನ್ನು ಬಿಡಲಿಲ್ಲ. ಬೇರೆಯವರು ಕೊಂಡದ್ದಕ್ಕೆ ಮಧ್ಯಸ್ಥಿಕೆ ಮಾಡುತ್ತಿದ್ದ, ಟವೆಲ್ ಹಾಸುತ್ತಿದ್ದ. ಆದರೆ ಒಂದು ಟಗರು ಆರಿಸಿಕೊಡು ಎಂದು ಯಾರಾದರೂ ಬಂದರೆ ತಲೆಯಾಡಿಸಿ ಇನ್ನೊಬ್ಬ ದಲಾಲಿಯ ಕಡೆಗೆ ಬೆರಳು ತೋರಿಸುತ್ತಿದ್ದ.

ಮುಂದಿನ ವರ್ಷ ಪಂಚಮಿಗೆ ಅವನು ತಂಗಿಯನ್ನು ಕರೆಯಲು ಇಳಕಲ್ಲಿಗೆ ಹೋದ. ಇಂದ್ರವ್ವ ಅಣ್ಣನಿಗೆ ಕಾಲಿಗೆ ನೀರು ಕೊಟ್ಟಳು, ಊಟಕ್ಕೆ ಬಡಿಸಿದಳು. ಹೊರಡುವ ಹೊತ್ತಿಗೆ ಅವಳು ಗಂಟು ಕಟ್ಟಿರಲಿಲ್ಲ.

"ನೀ ಬರೂದು ಬಿಡಬ್ಯಾಡ ಅಣ್ಣಾ," ಎಂದಳು. "ನಾ ಬರೂದಿಲ್ಲ, ಅಷ್ಟ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಗಾಳೆಪ್ಪ ಖಾಲಿ ಸೀಟಿನ ಪಕ್ಕದಲ್ಲಿ ಕೂತು ಬಸ್ಸಿನಲ್ಲಿ ಮರಳಿದ. ಅದರ ಮುಂದಿನ ವರ್ಷವೂ ಹೋದ, ಅದರ ಮುಂದಿನ ವರ್ಷವೂ. ಪ್ರತಿಸಲ ಊಟ ಮಾಡಿ ಒಬ್ಬನೇ ಬಂದ. ಬೇವಿನ ಮರದ ಜೋಕಾಲಿಯನ್ನು ರೇಣವ್ವ ಕಟ್ಟಿಸುವುದು ಬಿಟ್ಟಳು.

1988ರ ಮಳೆಗಾಲದ ಆರಂಭದಲ್ಲಿ, ಪಂಚಮಿಗೆ ಇನ್ನೂ ತಿಂಗಳಿರುವಾಗ, ಗಾಳೆಪ್ಪ ಜ್ವರದಿಂದ ತೀರಿಕೊಂಡ. ಅವತ್ತು ಇಂದ್ರವ್ವ ತವರಿಗೆ ಬಂದಳು. ಅಣ್ಣನ ಟವೆಲನ್ನು ಒಗೆಯಲು ತೆಗೆದುಕೊಂಡಾಗ ಮೂಲೆಯ ಗಂಟು ಕೈಗೆ ತಾಗಿತು. ಒಳಗೇನಿದೆಯೆಂದು ಹುಸೇನಪೀರ ಅವಳಿಗೆ ಎಂದೋ ಹೇಳಿದ್ದ. ಅವಳು ಅದನ್ನು ಬಿಚ್ಚದೆ, ಒಗೆಯದೆ, ಹಾಗೆಯೇ ಮಡಚಿ ಅಣ್ಣನ ಎದೆಯ ಮೇಲಿಟ್ಟಳು.

ಸಂತೆಯವರು ಮಣ್ಣಿಗೆ ಬಂದಿದ್ದರು. ಗಾಳೆಪ್ಪ ಒಂದು ಅಂಕಿಯನ್ನು ಬಾಯಿಂದ ಆಡಿದ್ದನ್ನು ತಾವು ಯಾರೂ ಕೇಳಿಲ್ಲ ಎಂದು ಅವರಲ್ಲೊಬ್ಬ ಹೇಳಿದ. ಊರುಗೋಲಿನ ಮೇಲೆ ನಿಂತಿದ್ದ ಲಕ್ಷ್ಮಪ್ಪ, ನಾನು ಒಮ್ಮೆ ಕೇಳಿದ್ದೇನೆ ಎಂದ. ಬಾದಾಮಿಯ ಆ ಶೆಡ್ಡಿನಲ್ಲಿ, ಸರಿಸಿದ ಕಂಬಳಿಯ ಪಕ್ಕ, ತಾನು ಮೀಟರ್ ಓದಿ ಹೇಳಿದಾಗ, ಮಾಮಾ ಖುಷಿಯಲ್ಲಿ ರೂಢಿ ಮರೆತು ಅದನ್ನೇ ಗಟ್ಟಿಯಾಗಿ ಅಂದಿದ್ದ:

"ಹತ್ತೊಂಬತ್ತು ಸಾವಿರದ ನಾಕನೂರಾ ಆರು."